ವಾಷರ್ ಸವೆದಿತ್ತು

ಬೆಳಗಿನ ಜಾವ ಐದೂವರೆಗೆ ಯಾರೋ ಬಾಗಿಲು ಬಡಿದರು. ಕಣ್ಣುಜ್ಜಿಕೊಂಡು ಹೋಗಿ ತೆರೆದರೆ ಕೆಳಗಿನ ಮನೆಯವರು. ಪೈಜಾಮವನ್ನು ಮೊಣಕಾಲಿನ ತನಕ ಮಡಚಿಕೊಂಡಿದ್ದರು. ಪಾದ ಒದ್ದೆ. ‘ನಿಮ್ಮ ಬಚ್ಚಲು ಒಂದ್ಸಲ ನೋಡ್ತೀರಾ?’ ಎಂದರು, ಅಷ್ಟೇ. ನೋಡುವುದಕ್ಕೆ ಮುಂಚೆಯೇ ನನ್ನ ಕಾಲಿಗೆ ನೀರು ತಾಗಿತು. ಬಕೆಟ್ ತುಂಬಿ, ಬಚ್ಚಲು ತುಂಬಿ, ಹೊಸ್ತಿಲು ದಾಟಿ, ನೀರು ಹಾಲಿಗೆ ಬಂದು ಸೋಫಾದ ಅಡಿಗೆ ನುಗ್ಗಿತ್ತು. ಓಡಿಹೋಗಿ ನಲ್ಲಿ ನಿಲ್ಲಿಸಿದೆ. ವಾಪಸ್ ಬಂದು ಅವರ ಮುಖ ನೋಡಿ ನಾನು ಆಡಿದ ಮೊದಲ ಮಾತು ಇದು: ‘ವಾಷರ್ ಸವೆದಿತ್ತು ಸರ್.’

ತಪ್ಪಾಯ್ತು ಅನ್ನಲಿಲ್ಲ. ಮರೆತುಬಿಟ್ಟೆ ಅನ್ನಲಿಲ್ಲ. ವಾಷರ್ ಸವೆದಿತ್ತು.

ಸುಳ್ಳೇನಲ್ಲ. ಆ ವಾಷರ್ ಸವೆದು ಮೂರು ತಿಂಗಳಾಗಿತ್ತು. ಎಷ್ಟು ತಿರುಗಿಸಿದರೂ ನಲ್ಲಿ ಮುಚ್ಚಿದೆಯೋ ತೆರೆದಿದೆಯೋ ಕೈಗೆ ತಿಳಿಯುತ್ತಿರಲಿಲ್ಲ. ಹಿಂದಿನ ರಾತ್ರಿ ಟ್ಯಾಂಕ್ ರಿಪೇರಿಗೆಂದು ನೀರು ನಿಲ್ಲಿಸಿದ್ದರು. ನಾನು ನಲ್ಲಿ ತಿರುಗಿಸಿ ನೋಡಿ, ನೀರು ಬರದೆ, ಹಾಗೇ ಬಿಟ್ಟು ಮಲಗಿದ್ದೆ. ನಡುರಾತ್ರಿ ಯಾವಾಗಲೋ ನೀರು ಬಂದಿದೆ. ನೆಲ ಒರೆಸುವ ಬಟ್ಟೆ ಜಾರಿ ಬಿದ್ದು, ನೀರು ಹೋಗುವ ಜಾಲರಿಯ ಮೇಲೆ ಸರಿಯಾಗಿ ಕೂತಿತ್ತು. ಕಾರಣಗಳಿಗೇನೂ ಬರವಿರಲಿಲ್ಲ. ಅವುಗಳಲ್ಲಿ ನನ್ನ ಹೆಸರಿಲ್ಲದ ಒಂದನ್ನು ನಾನು ಆರಿಸಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಸ್ವಲ್ಪ ಡೊಂಕಾಗಿತ್ತು. ತಮಾಷೆ ಇರುವುದೇ ಅಲ್ಲಿ.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಬೇರೆಯದೇ ಕಾರಣವಿದೆ. ಅದೇ ವಾರ ಗೆಳೆಯರ ನಡುವೆ ಜೋರು ಮಾತಾಗಿತ್ತು. ಸಾಲ ಮಾಡಿ ತೀರಿಸಲಾಗದವರ ಸಾಲ ಮನ್ನಾ ಮಾಡಬೇಕೋ ಬೇಡವೋ ಅಂತ. ‘ಮಾಡಿದ್ದುಣ್ಣೋ ಮಹರಾಯ, ಇದರಲ್ಲಿ ಯೋಚನೆ ಮಾಡೋದೇನಿದೆ?’ ಎಂದು ನಾನು ಗಟ್ಟಿ ದನಿಯಲ್ಲಿ ಹೇಳಿದ್ದೆ. ‘ನೀನು ಕಟ್ಟಾ ಕನ್ಸರ್ವೇಟಿವ್ ಕಣೋ’ ಎಂದ ಒಬ್ಬ. ಅದಕ್ಕೂ ಒಂದು ತಿಂಗಳ ಹಿಂದೆ ಇದೇ ಗುಂಪಿನಲ್ಲಿ ಇನ್ನೊಂದು ಮಾತು ಬಂದಿತ್ತು. ಯಾರು ಯಾರ ಜೊತೆ ಬಾಳಬೇಕು ಅನ್ನುವುದು ಅವರವರ ವಿಷಯ, ಸರ್ಕಾರಕ್ಕೆ ಅಲ್ಲೇನು ಕೆಲಸ ಅಂದಿದ್ದೆ. ಆಗ ಒಬ್ಬಳು ‘ನೀನಿಷ್ಟು ಲಿಬರಲ್ ಅಂತ ಗೊತ್ತಿರಲಿಲ್ಲ’ ಎಂದಿದ್ದಳು. ಎರಡೂ ಸಲ ನಾನು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. ಅವರವರ ಬಾಳು ಅವರವರದು, ಅದರ ಲಾಭ ನಷ್ಟವೂ ಅವರದೇ. ಒಂದೇ ಮಾತಿಗೆ ಎರಡು ಚೀಟಿ ಅಂಟಿದವು.

ಈ ಚೀಟಿಗಳನ್ನು ಕನ್ನಡಕ್ಕೆ ತಂದಾಗ ಗೊಂದಲ ಇನ್ನೂ ಜಾಸ್ತಿ. ಲಿಬರಲ್‌ಗೆ ಉದಾರವಾದಿ ಅನ್ನುತ್ತೇವೆ. ಉದಾರಿ ಅಂದರೆ ನಮಗೆ ಕೈಬಿಚ್ಚಿ ಕೊಡುವವನು. ಹಾಗಾಗಿ ಕೇಳಿದ ತಕ್ಷಣ ಮನಸ್ಸಿಗೆ ಬರುವುದು ಇವನು ಕೊಡುವವನು, ಬಹುಶಃ ಬೇರೆಯವರ ಜೇಬಿನಿಂದ. ಆದರೆ ಆ ಪದದ ಲ್ಯಾಟಿನ್ ಬೇರಿಗೆ ಸ್ವತಂತ್ರ ಎಂದು ಅರ್ಥ. ಕನ್ಸರ್ವೇಟಿವ್‌ಗೆ ಸಂಪ್ರದಾಯವಾದಿ ಅನ್ನುತ್ತೇವೆ. ಮೂಲದಲ್ಲಿ ಅದು ಕಾಪಾಡುವವನು, ಇರುವುದನ್ನು ಕೆಡದಂತೆ ಉಳಿಸಿಕೊಳ್ಳುವವನು. ಸಂಪ್ರದಾಯ ಅಂದ ಕೂಡಲೇ ಅವನ ಹಣೆಗೆ ನಾವೇ ಏನೇನೋ ಬಳಿದುಬಿಡುತ್ತೇವೆ. ಇದೆಲ್ಲಕ್ಕಿಂತ ಮಜಾ ಅಂದರೆ ‘ಉದಾರೀಕರಣ’. ಮಾರುಕಟ್ಟೆಯ ಮೇಲಿನ ಸರ್ಕಾರದ ಹಿಡಿತ ಸಡಿಲಿಸುವುದಕ್ಕೆ ಆ ಹೆಸರು. ಉದಾರವಾದಿಗಳು ಅಂತ ನಾವು ಕರೆಯುವ ಬಹಳ ಮಂದಿಗೆ ಉದಾರೀಕರಣ ಕಂಡರೆ ಆಗುವುದಿಲ್ಲ. ಸಂಪ್ರದಾಯವಾದಿ ಎನಿಸಿಕೊಂಡ ಬಹಳ ಮಂದಿಗೆ ಅದು ಬಲು ಇಷ್ಟ. ಒಂದೇ ಪದದ ಎರಡು ಮಕ್ಕಳು, ಎದುರು ಬದುರು ಮನೆಯಲ್ಲಿ.

ತಪ್ಪು ನಮ್ಮ ಅನುವಾದದ್ದು ಮಾತ್ರ ಅಲ್ಲ. ಹುಟ್ಟಿದಾಗಿನಿಂದಲೂ ಈ ಹೆಸರುಗಳು ಒಂದು ಕಡೆ ನಿಂತದ್ದೇ ಇಲ್ಲ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನಿಗೆ ವೀಟೋ ಅಧಿಕಾರ, ಅಂದರೆ ಸಭೆಯ ತೀರ್ಮಾನವನ್ನು ತಡೆಯುವ ಅಧಿಕಾರ, ಇರಬೇಕೇ ಅನ್ನುವ ಚರ್ಚೆ ನಡೆಯಿತು. ಬೇಕು ಎಂದವರು ಅಧ್ಯಕ್ಷರ ಬಲಕ್ಕೆ ಸೇರಿಕೊಂಡರು, ಬೇಡ ಎಂದವರು ಎಡಕ್ಕೆ. ಎಡ, ಬಲ ಹುಟ್ಟಿದ್ದು ಕುರ್ಚಿಗಳಿಂದ. ಸ್ಪೇನಿನ ಕಾದಿಸ್‌ನಲ್ಲಿ 1812ರ ಸಂವಿಧಾನದ ಪರ ನಿಂತವರಿಗೆ ಲಿಬರಾಲೆಸ್ ಎಂಬ ಹೆಸರು ಬಂತು. ಅವರು ಎದುರಾಳಿಗಳನ್ನು ಸೆರ್ವಿಲೆಸ್ ಎಂದು ಜರೆದರು, ಅಂದರೆ ಗುಲಾಮ ಬುದ್ಧಿಯವರು. ಹೆಸರಿಟ್ಟ ದಿನವೇ ಬೈಗುಳವೂ ಹುಟ್ಟಿತು ನೋಡಿ. ಬ್ರಿಟನ್ನಿನಲ್ಲಿ 1834ರ ಹೊತ್ತಿಗೆ ಟೋರಿಗಳು ಎಂಬ ಹಳೆಯ ಪಕ್ಷದವರು ಕನ್ಸರ್ವೇಟಿವ್ ಎನಿಸಿಕೊಂಡರು. ಅವರ ನಾಯಕ ರಾಬರ್ಟ್ ಪೀಲ್. ಹನ್ನೆರಡು ವರ್ಷವಾದ ಮೇಲೆ, 1846ರಲ್ಲಿ, ಜಮೀನುದಾರರನ್ನು ಕಾಯುತ್ತಿದ್ದ ಧಾನ್ಯದ ಆಮದು ಸುಂಕವನ್ನು ತೆಗೆದುಹಾಕಿದ್ದೂ ಅದೇ ಪೀಲ್. ಲಿಬರಲ್ಲರು ಕೇಳುತ್ತಿದ್ದದ್ದನ್ನು ಕನ್ಸರ್ವೇಟಿವ್ ಪ್ರಧಾನಿ ಮಾಡಿದ. ಪಕ್ಷ ಒಡೆದುಹೋಯಿತು.

ಹೊಣೆಯ ವಿಷಯಕ್ಕೆ ಬಂದರೆ ಅದಲು ಬದಲು ಇನ್ನೂ ಚೆನ್ನಾಗಿದೆ. ಕಾಯಿಲೆ ಬಿದ್ದ ಕೂಲಿಯವನಿಗೆ ದೇಶವೇ ವಿಮೆ ಕೊಡಿಸಬೇಕು ಅನ್ನುವುದನ್ನು ಮೊದಲು ದೊಡ್ಡ ಮಟ್ಟದಲ್ಲಿ ಕಾನೂನು ಮಾಡಿದ್ದು ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್. 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ. ಬಿಸ್ಮಾರ್ಕ್ ಲಿಬರಲ್ ಅಲ್ಲವೇ ಅಲ್ಲ. 1878ರಲ್ಲಿ ಸಮಾಜವಾದಿಗಳ ಸಂಘಟನೆಗಳನ್ನೇ ನಿಷೇಧಿಸಿದ ಮನುಷ್ಯ. ಕಾರ್ಮಿಕರು ಅವರ ಕಡೆ ಜಾರಬಾರದು, ರಾಜ್ಯಕ್ಕೆ ನಿಷ್ಠರಾಗಿರಬೇಕು ಅನ್ನುವುದು ಅವನ ಲೆಕ್ಕ. ಇರುವುದನ್ನು ಉಳಿಸಿಕೊಳ್ಳಲು ಹೊಸದನ್ನು ಕೊಟ್ಟ.

ಅತ್ತ ಬ್ರಿಟನ್ನಿನ ಲಿಬರಲ್ ಪಕ್ಷ ಬಹಳ ಕಾಲ ಸರ್ಕಾರದ ಖರ್ಚು ಕಡಿಮೆ ಇರಬೇಕು ಅನ್ನುತ್ತಿದ್ದ ಪಕ್ಷ. ಅದೇ ಪಕ್ಷ 1908ರಲ್ಲಿ ಎಪ್ಪತ್ತು ದಾಟಿದ ಬಡವರಿಗೆ ಪಿಂಚಣಿ ತಂದಿತು. ಆ ಕಾನೂನಿನ ಒಳಗೆ ಒಂದು ಸಣ್ಣ ಷರತ್ತು ಇತ್ತು. ಕೈಕಾಲು ಗಟ್ಟಿಯಿದ್ದೂ ದುಡಿಯದೆ ಕಾಲ ಕಳೆದ ಚಾಳಿ ಇರುವವರಿಗೆ ಈ ಪಿಂಚಣಿ ಇಲ್ಲ. ಲಿಬರಲ್ಲರ ಕಾನೂನಿನ ಹೊಟ್ಟೆಯೊಳಗೆ ಮಾಡಿದ್ದುಣ್ಣೋ ಮಹರಾಯ! ಆ ಷರತ್ತನ್ನು ಬರೆದ ಗುಮಾಸ್ತನ ಮುಖ ನೋಡಬೇಕಿತ್ತು ಅಂತ ನನಗೆ ಸುಮ್ನೆ ಆಸೆ. ಎಪ್ಪತ್ತು ವರ್ಷದ ಅಜ್ಜನ ಇಡೀ ಬದುಕನ್ನು ಎದುರಿಗೆ ಹರಡಿಕೊಂಡು, ಇದರಲ್ಲಿ ಸೋಮಾರಿತನ ಎಷ್ಟು, ಕೆಲಸವೇ ಸಿಗದ ದಿನಗಳೆಷ್ಟು ಅಂತ ಅಳೆಯುವವರು ಯಾರು? ಯಾವ ತಕ್ಕಡಿಯಲ್ಲಿ?

ಅಮೆರಿಕದಲ್ಲಿ 1930ರ ದಶಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಲಿಬರಲ್ ಅನ್ನುವ ಪದವನ್ನು, ಸರ್ಕಾರವೇ ಖರ್ಚು ಮಾಡಿ ಜನರಿಗೆ ನೆರವಾಗುವ ತಮ್ಮ ಕಾರ್ಯಕ್ರಮಗಳಿಗೆ ಅಂಟಿಸಿಕೊಂಡರು. ಚುನಾವಣೆಯಲ್ಲಿ ಅವರೆದುರು ಸೋತ ಹಿಂದಿನ ಅಧ್ಯಕ್ಷ ಹೂವರ್, ನಿಜವಾದ ಲಿಬರಲ್ ವಿಚಾರ ನನ್ನದು ಅಂತ ತಕರಾರು ತೆಗೆದರು. ಹಳೆಯ ಅರ್ಥದಲ್ಲಿ ಅವರದೂ ತಪ್ಪಲ್ಲ. ಆಸ್ಟ್ರೇಲಿಯಾದಲ್ಲಿ 1944ರಲ್ಲಿ ಹುಟ್ಟಿದ ಲಿಬರಲ್ ಪಕ್ಷ ಅಲ್ಲಿನ ಬಲಪಂಥದ ಪಕ್ಷ. ಜನ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಲೇಬೇಕು ಅನ್ನುವ ಕಾನೂನನ್ನು ಮೊದಲು ತಂದವರ ಸಾಲಿನಲ್ಲಿ ಆ ಪಕ್ಷದ ಕೈಯಲ್ಲಿದ್ದ ವಿಕ್ಟೋರಿಯಾ ರಾಜ್ಯವೂ ಇದೆ, 1970ರಲ್ಲಿ. ‘ನನ್ನ ಪ್ರಾಣ, ನನ್ನ ಇಷ್ಟ’ ಅನ್ನುವ ವಾದ ಅಲ್ಲಿ ನಡೆಯಲಿಲ್ಲ.

ಇಷ್ಟೆಲ್ಲಾ ಓದಿಕೊಂಡ ಮೇಲೂ ಒಂದು ನಂಬಿಕೆ ನನ್ನಲ್ಲಿ ಗಟ್ಟಿಯಾಗಿತ್ತು. ಹೆಸರುಗಳು ಅತ್ತಿತ್ತ ಆಗಲಿ, ‘ವೈಯಕ್ತಿಕ ಹೊಣೆ’ ಅನ್ನುವ ಮಾತಂತೂ ಕನ್ಸರ್ವೇಟಿವ್‌ಗಳ ಸ್ವಂತ ಆಸ್ತಿ ಅಂತ. ಅದೂ ಉಳಿಯಲಿಲ್ಲ. 1996ರಲ್ಲಿ ಅಮೆರಿಕದಲ್ಲಿ ಬಡ ಕುಟುಂಬಗಳ ನಗದು ನೆರವಿನ ಕಾನೂನು ಪೂರ್ತಿ ಬದಲಾಯಿತು. ಹೊಸ ಕಾನೂನಿನ ಹೆಸರೇ ‘ವೈಯಕ್ತಿಕ ಹೊಣೆ’ ಅಂತ ಶುರುವಾಗುತ್ತದೆ. ಕೇಂದ್ರದ ಹಣದ ನೆರವು ಬದುಕಿನಲ್ಲಿ ಒಟ್ಟು ಐದು ವರ್ಷ ಮಾತ್ರ, ಜೊತೆಗೆ ಕೆಲಸದ ಷರತ್ತು. ಅದನ್ನು ಒಪ್ಪಿಸಿದ್ದು ರಿಪಬ್ಲಿಕನ್ನರ, ಅಂದರೆ ಅಲ್ಲಿನ ಕನ್ಸರ್ವೇಟಿವ್ ಪಕ್ಷದವರ, ಬಹುಮತವಿದ್ದ ಸಂಸತ್ತು. ಸಹಿ ಹಾಕಿದ್ದು ಲಿಬರಲ್ ಅನ್ನಿಸಿಕೊಳ್ಳುವ ಡೆಮಾಕ್ರಟ್ ಪಕ್ಷದ ಅಧ್ಯಕ್ಷ ಬಿಲ್ ಕ್ಲಿಂಟನ್. ಅದಕ್ಕೂ ಮುಂಚೆ ಎರಡು ಸಲ ಇಂಥದ್ದೇ ಮಸೂದೆಯನ್ನು ಅವರು ವಾಪಸ್ ಕಳಿಸಿದ್ದರು.

ಆದರೆ ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಆರೋಗ್ಯ ವಿಮೆಯ ಕಥೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಡೀ ಗಂಟು ಇಲ್ಲೇ ಇದೆ.

1986ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು, ಅವನ ಹತ್ತಿರ ದುಡ್ಡಿರಲಿ ಇಲ್ಲದಿರಲಿ, ಆಸ್ಪತ್ರೆಯ ತುರ್ತು ವಿಭಾಗ ನೋಡಲೇಬೇಕು. ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್. ಒಳ್ಳೆಯ ಕಾನೂನೇ. ಬಾಗಿಲಲ್ಲಿ ಸಾಯುತ್ತಿರುವವನನ್ನು ಯಾರು ತಾನೇ ಬಿಟ್ಟಾರು? ಈಗ ಅದರ ಬಾಲ ಹಿಡಿದು ನೋಡಿ. ನಾನು ಗಟ್ಟಿಮುಟ್ಟಾಗಿದ್ದೇನೆ, ವಿಮೆ ಬೇಡ ಅಂತ ದುಡ್ಡು ಉಳಿಸುತ್ತೇನೆ. ಒಂದು ದಿನ ಬೈಕ್‌ನಿಂದ ಬೀಳುತ್ತೇನೆ. ಆಸ್ಪತ್ರೆ ನೋಡಲೇಬೇಕು, ನೋಡುತ್ತದೆ. ಬಿಲ್ಲು ಕಟ್ಟಲು ನನ್ನಿಂದ ಆಗುವುದಿಲ್ಲ. ಆ ಖರ್ಚು ಉಳಿದವರ ಬಿಲ್ಲಿನಲ್ಲಿ, ಉಳಿದವರ ವಿಮೆಯ ಕಂತಿನಲ್ಲಿ, ತೆರಿಗೆಯಲ್ಲಿ ಹಂಚಿಹೋಗುತ್ತದೆ. ನನ್ನ ‘ಸ್ವಾತಂತ್ರ್ಯ’ದ ಬಾಡಿಗೆ ಬೇರೆಯವರು ಕಟ್ಟಿದರು ಅಂತಾಯ್ತು.

ಹಾಗಾದರೆ ಹೊಣೆಗಾರ ಮನುಷ್ಯ ಯಾರು? ವಿಮೆ ಕೊಳ್ಳುವವನು. ಎಲ್ಲರೂ ಕೊಳ್ಳಲೇಬೇಕು ಅಂತ ಕಾನೂನು ಮಾಡಿ ಎಂದು 1989ರಲ್ಲಿ ಮುಂದಿಟ್ಟದ್ದು ಹೆರಿಟೇಜ್ ಫೌಂಡೇಶನ್, ಅಪ್ಪಟ ಕನ್ಸರ್ವೇಟಿವ್ ಸಂಸ್ಥೆ. 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಜಾರಿಗೆ ತಂದದ್ದು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಇದು ವೈಯಕ್ತಿಕ ಹೊಣೆಯ ವಿಷಯ ಅಂತಲೇ ಅವರು ವಾದಿಸಿದರು. 2010ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಒಬಾಮರ ಸರ್ಕಾರ ಅದೇ ಎಳೆಯನ್ನು ದೇಶಕ್ಕೆಲ್ಲಾ ಹಬ್ಬಿಸಿತು. ಆ ಕಾನೂನಿನಲ್ಲಿ ಈ ಭಾಗದ ತಲೆಬರಹ ‘ವ್ಯಕ್ತಿಯ ಹೊಣೆ’ ಎಂದೇ ಇದೆ. ಆ ಹೊತ್ತಿಗೆ ಗಾಳಿ ತಿರುಗಿತ್ತು. ಒಬ್ಬ ರಿಪಬ್ಲಿಕನ್ ಸದಸ್ಯನೂ ಪರವಾಗಿ ಮತ ಹಾಕಲಿಲ್ಲ. 26 ರಾಜ್ಯಗಳು ಕೋರ್ಟಿಗೆ ಹೋದವು. 2012ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಅಂತರದಲ್ಲಿ, ವಿಮೆ ಕೊಳ್ಳದವರು ಕಟ್ಟಬೇಕಾದ ದಂಡವನ್ನು ತೆರಿಗೆ ಅಂತ ನೋಡಬಹುದು ಎಂದು ಕಾನೂನನ್ನು ಉಳಿಸಿತು. 2019ರಿಂದ ದಂಡದ ಮೊತ್ತ ಸೊನ್ನೆ.

ಇದನ್ನು ಬರೀ ಪಕ್ಷ ರಾಜಕೀಯ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪಕ್ಷ ರಾಜಕೀಯ ಇತ್ತು, ಬೇಕಾದಷ್ಟಿತ್ತು. ಆದರೆ ವಿರೋಧಿಸಿದವರ ಒಂದು ಮಾತಿನಲ್ಲಿ ತೂಕವಿದೆ. ದಂಡದ ಹೆದರಿಕೆಗೆ ಮಾಡುವ ಕೆಲಸ ಹೊಣೆಗಾರಿಕೆ ಹೇಗಾಗುತ್ತದೆ? ಹಿಡಿದು ಕೂರಿಸಿದರೆ ಅದು ಭಕ್ತಿಯಾಗುತ್ತದೆಯೇ? ಅದೇ ರೀತಿ ಪರ ನಿಂತವರ ಮಾತಿಗೂ ತೂಕವಿದೆ. ನಿನ್ನ ತಪ್ಪಿನ ಖರ್ಚು ನನ್ನ ತಲೆಗೆ ಬರುತ್ತದೆ ಅಂದಮೇಲೆ ನಿನ್ನ ತಪ್ಪು ನಿನ್ನ ಸ್ವಂತದ್ದಲ್ಲ. ಇಬ್ಬರ ಬಾಯಲ್ಲೂ ಇದ್ದದ್ದು ಒಂದೇ ಪದ, ಹೊಣೆ. ಒಬ್ಬರಿಗೆ ಹೊಣೆ ಅಂದರೆ ಆಯ್ಕೆ ಮಾಡುವ ಹಕ್ಕು. ಇನ್ನೊಬ್ಬರಿಗೆ ಹೊಣೆ ಅಂದರೆ ಬಿಲ್ಲು ಕಟ್ಟುವ ಕರ್ತವ್ಯ. ಕನ್ಸರ್ವೇಟಿವ್, ಲಿಬರಲ್ ಅನ್ನುವ ಚೀಟಿ ಇಲ್ಲಿ ಯಾವ ಸಹಾಯವನ್ನೂ ಮಾಡುವುದಿಲ್ಲ. 1989ರಲ್ಲಿ ಡಬ್ಬಿಗೆ ಅಂಟಿದ್ದ ಚೀಟಿ ಒಂದು, 2010ರಲ್ಲಿ ಅದೇ ಡಬ್ಬಿಯ ಮೇಲಿದ್ದದ್ದು ಇನ್ನೊಂದು. ಒಳಗಿನ ಸಾಮಾನು ಬಹುತೇಕ ಅದೇ.

ಗೆಳೆಯರ ಹತ್ತಿರ ಸಾಲದ ಬಗ್ಗೆ ಗಟ್ಟಿಯಾಗಿ ಮಾತಾಡಿದ್ದೆನಲ್ಲ, ಅದಕ್ಕೂ ಬರುತ್ತೇನೆ. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸಾಲ ತೀರಿಸದವನನ್ನು ಜೈಲಿಗೆ ಹಾಕುತ್ತಿದ್ದರು. 1869ರ ಕಾನೂನು ಅದನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದಕ್ಕೂ ಹದಿನಾಲ್ಕು ವರ್ಷ ಮುಂಚೆ, 1855ರಲ್ಲಿ, ಇನ್ನೊಂದು ಕಾನೂನು ಬಂದಿತ್ತು. ಕಂಪನಿ ಮುಳುಗಿದರೆ ಷೇರುದಾರ ತಾನು ಹಾಕಿದ ಪಾಲಿನಷ್ಟು ಮಾತ್ರ ಕಳೆದುಕೊಳ್ಳುತ್ತಾನೆ, ಅವನ ಮನೆ ಮಠಕ್ಕೆ ಯಾರೂ ಕೈ ಹಾಕುವಂತಿಲ್ಲ. ಇವತ್ತು ಕಂಪನಿಗಳ ಹೆಸರಿನ ಕೊನೆಯಲ್ಲಿ ಕಾಣುವ ‘ಲಿಮಿಟೆಡ್’ ಅಂದರೆ ಅದೇ. ಹೊಣೆಗೆ ಮಿತಿಯಿದೆ ಅಂತ ಬೋರ್ಡಿನ ಮೇಲೆಯೇ ಬರೆದುಕೊಂಡಿರುತ್ತಾರೆ. ಸಾಲಗಾರ ಇನ್ನೂ ಜೈಲಿನಲ್ಲಿದ್ದಾಗಲೇ ಷೇರುದಾರನಿಗೆ ಬಿಡುಗಡೆ ಸಿಕ್ಕಿತ್ತು, ಗಮನಿಸಿದಿರಾ?

ಹಾಗಂತ ಅದು ಕೆಟ್ಟ ಕಾನೂನು ಅಂತ ನಾನು ಹೇಳುತ್ತಿಲ್ಲ. ಆ ರಕ್ಷಣೆ ಇಲ್ಲದಿದ್ದರೆ ಗುರುತಿಲ್ಲದವರ ಉದ್ಯಮಕ್ಕೆ ದುಡ್ಡು ಹಾಕುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಬಿದ್ದವನು ಪೂರ್ತಿ ಪುಡಿಯಾಗಬಾರದು, ಎದ್ದು ಮತ್ತೆ ಪ್ರಯತ್ನಿಸಬೇಕು ಅನ್ನುವ ಯೋಚನೆ ಅದರ ಹಿಂದಿದೆ. ಅದೇ ಯೋಚನೆಯನ್ನು ಬಡ ಸಾಲಗಾರನಿಗೆ ಅನ್ವಯಿಸಿದರೆ ಮಾತ್ರ ನನ್ನಂಥವರ ಬಾಯಿಗೆ ಗಾದೆ ನೆನಪಾಗುತ್ತದೆ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ತಾವೇ ತೋಡಿದ ಗುಂಡಿಗೆ ಬಿದ್ದಾಗ, 700 ಬಿಲಿಯನ್ ಡಾಲರ್ ತನಕ ಖರ್ಚು ಮಾಡಲು ಅನುಮತಿ ಕೊಡುವ ಕಾನೂನಿಗೆ ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್. ಬ್ಯಾಂಕು ಮುಳುಗಿದರೆ ಎಲ್ಲರೂ ಮುಳುಗುತ್ತಾರೆ ಅನ್ನುವುದು ವಾದ. ಇರಬಹುದು. ಪರಿಸ್ಥಿತಿ ಹಾಗಿತ್ತು. ವಾಷರ್ ಸವೆದಿತ್ತು.

ಪ್ರತಿಯೊಬ್ಬರ ಜೇಬಿನಲ್ಲೂ ಇಂಥ ಒಂದು ಪಟ್ಟಿ ಇರುತ್ತದೆ ಅಂತ ನನಗೆ ಈಗ ಅನ್ನಿಸುತ್ತದೆ. ಯಾರ ತಪ್ಪಿಗೆ ‘ಪರಿಸ್ಥಿತಿ ನೋಡಿ’ ಅನ್ನಬೇಕು, ಯಾರ ತಪ್ಪಿಗೆ ‘ಅನುಭವಿಸಲಿ’ ಅನ್ನಬೇಕು ಅಂತ. ಕೆಲಸ ಕಳೆದುಕೊಂಡವನು ಒಬ್ಬರ ಪಟ್ಟಿಯಲ್ಲಿ ಮೊದಲ ಕಡೆ, ಇನ್ನೊಬ್ಬರ ಪಟ್ಟಿಯಲ್ಲಿ ಎರಡನೆಯ ಕಡೆ. ಕೈಮೀರಿ ಗುಂಡು ಹಾರಿಸಿದ ಪೊಲೀಸಿನವನು ಅದರ ಉಲ್ಟಾ. ಗೆಳೆಯ ನನಗೆ ಕನ್ಸರ್ವೇಟಿವ್ ಅಂದಾಗ ಅವನು ಓದಿದ್ದು ನನ್ನ ಸಿದ್ಧಾಂತವನ್ನಲ್ಲ, ಈ ಪಟ್ಟಿಯನ್ನು. ಎರಡೂ ಕಡೆಯ ಪಟ್ಟಿಯಲ್ಲಿ ಮೊದಲ ಹೆಸರು ಮಾತ್ರ ಒಂದೇ. ಸ್ವಂತದ್ದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಒಳ್ಳೆಯ ಮಾತು, ಪಾಲಿಸಿದವರು ಕೆಟ್ಟಿಲ್ಲ. ಆದರೆ ಅದನ್ನು ಹೇಳುವವನು ಸಾಮಾನ್ಯವಾಗಿ ಉದ್ದನೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಿರುತ್ತಾನೆ. ಹಾಸಿಗೆ ಗಿಡ್ಡವಾದದ್ದು ಹೇಗೆ ಅಂತ ಕೇಳುವವನು ಲಿಬರಲ್, ಮೊದಲು ಕಾಲು ಮಡಚು ಅನ್ನುವವನು ಕನ್ಸರ್ವೇಟಿವ್ ಅಂತ ಸುಲಭಕ್ಕೆ ಹೇಳಿಬಿಡಬಹುದು. ಆದರೆ ಚಳಿಯ ರಾತ್ರಿ ಎರಡೂ ಬೇಕು. ಇವತ್ತಿಗೆ ಕಾಲು ಮಡಚಲೇಬೇಕು. ನಾಳೆಗೆ ಹಾಸಿಗೆಯನ್ನೂ ವಿಚಾರಿಸಬೇಕು.

ಆ ಬೆಳಿಗ್ಗೆಗೆ ವಾಪಸ್ ಬರುತ್ತೇನೆ. ನಾನು ವಾಷರ್ ಪುರಾಣ ಶುರು ಮಾಡಿ, ಟ್ಯಾಂಕ್ ರಿಪೇರಿಯವರ ತನಕ ಬಂದಿದ್ದೆ. ಅವರು ಕೇಳಿಸಿಕೊಂಡರು. ಆಮೇಲೆ, ‘ಕಾರಣ ಆಮೇಲೆ ನೋಡೋಣ ಸರ್, ಈಗ ಕೆಳಗೆ ಬಂದು ಹಾಸಿಗೆಯ ಒಂದು ತುದಿ ಹಿಡೀರಿ’ ಎಂದರು. ಹೋದೆ. ಅವರ ಕೋಣೆಯ ಸೀಲಿಂಗ್‌ನಿಂದ ಒಂದೊಂದೇ ಹನಿ ಮಂಚದ ನಡುವಿಗೆ ಬೀಳುತ್ತಿತ್ತು. ನೀರು ಕುಡಿದ ಹಾಸಿಗೆ ಎಷ್ಟು ಭಾರ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಎತ್ತಿದರೆ ನಡು ಜೋತು ನೆಲಕ್ಕೆ ತಾಗುತ್ತಿತ್ತು. ಬಾಲ್ಕನಿಯ ತನಕ ಎಳೆದುಕೊಂಡು ಹೋಗುವಾಗ ಮೂರು ಸಲ ನಿಂತೆವು. ಗೋಡೆಗೆ ಆನಿಸಿ ನಿಲ್ಲಿಸಿದಾಗ ಅದರ ಬುಡದಿಂದ ನೀರು ಸಣ್ಣ ಕಾಲುವೆಯಂತೆ ಹರಿಯಿತು. ಇಬ್ಬರೂ ಅದನ್ನು ನೋಡುತ್ತಾ ನಿಂತೆವು. ಆಗ ನನ್ನ ಬಾಯಿಂದ ‘ನಲ್ಲಿ ಮುಚ್ಚೋದು ಮರೆತೆ ಸರ್’ ಅನ್ನುವುದು ಹೊರಬಂತು. ಆಗಲೇ ಅವರಿಗೆ ಅದು ಗೊತ್ತಿತ್ತು ಅಂತ ಕಾಣುತ್ತೆ. ‘ಹ್ಞೂಂ’ ಎಂದರು.

ಕನ್ನಡದಲ್ಲಿ ತಪ್ಪನ್ನು ಹೊರಿಸುತ್ತೇವೆ, ಹೊಣೆಯನ್ನು ಹೊರುತ್ತೇವೆ. ಒಂದು ಇನ್ನೊಬ್ಬರ ತಲೆಗೆ, ಇನ್ನೊಂದು ನಮ್ಮ ಹೆಗಲಿಗೆ. ಸಾಲ, ವಿಮೆ, ಪಿಂಚಣಿ ಅಂತ ನಾನು ಇಷ್ಟು ವರ್ಷ ವಾದ ಮಾಡುವಾಗ ಹೊಣೆ ಅನ್ನುವ ಪದ ಬಳಸಿ ಆಡುತ್ತಿದ್ದದ್ದು ತಪ್ಪಿನ ಮಾತು. ಯಾರದು ತಪ್ಪು ಅಂತ ಗೊತ್ತಾದರೆ ಖರ್ಚು ಯಾರದು ಅನ್ನುವುದೂ ತೀರ್ಮಾನವಾದಂತೆ ಅಂದುಕೊಂಡಿದ್ದೆ. ಆ ಹಾಸಿಗೆಯ ನೀರಿನಲ್ಲಿ ನನ್ನ ಪಾಲೆಷ್ಟು, ವಾಷರ್‌ದೆಷ್ಟು, ಬಟ್ಟೆಯದೆಷ್ಟು ಅಂತ ಅಳೆದು ಮುಗಿಸುವ ಹೊತ್ತಿಗೆ ಹಾಸಿಗೆ ಕೊಳೆತಿರುತ್ತಿತ್ತು. ಹಾಗಂತ ಅಳೆಯುವುದೇ ಬೇಡ ಅನ್ನಲಾರೆ. ಯಾರೂ ಅಳೆಯದಿದ್ದರೆ ಮುಂದಿನ ತಿಂಗಳು ಮತ್ತೆ ನಾನು ನಲ್ಲಿ ಬಿಟ್ಟು ಮಲಗುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಗೆಳೆಯನಿಗೆ ಇದೆಲ್ಲಾ ಹೇಳಿದೆ. ‘ಹಾಗಾದ್ರೆ ಸಾಲ ಮನ್ನಾ ಮಾಡಬೇಕು ಅಂತೀಯಾ?’ ಎಂದ. ಎಲ್ಲರದ್ದೂ ಅಲ್ಲ, ಯಾರದ್ದು, ಹೇಗೆ ಮುಳುಗಿತು ಅಂತ ನೋಡಬೇಕು ಎಂದೆ. ‘ಇದು ಯಾವ ಪಾರ್ಟಿಯೋ?’ ಎಂದು ನಕ್ಕ.

ಎರಡು ವಾರ ಬಿಟ್ಟು ಸೀಲಿಂಗ್ ಒಣಗಿತು. ನಡುವೆ ಹಳದಿ ಬಣ್ಣದ ಒಂದು ದೊಡ್ಡ ಕಲೆ ಉಳಿಯಿತು. ಪ್ಲಂಬರ್ ಕರೆಸಿ ವಾಷರ್ ಹಾಕಿಸಿದೆ, ಐದು ನಿಮಿಷದ ಕೆಲಸ. ಕೆಳಗೆ ಹೋಗಿ, ಹಾಸಿಗೆ ಮತ್ತು ಪೇಂಟಿನ ಖರ್ಚು ಪೂರ್ತಿ ನನ್ನದು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

‘ಪೂರ್ತಿನಾ? ವಾಷರ್ ಪಾಲು ಕಳೆಯಲ್ವಾ ಸರ್?’